ಕಿಟಕಿ ತೆರೆದೇ ಇಟ್ಟ ಶಾಲೆಗಳು | ಕ್ಲಾಸ್‌ರೂಮ್ ಇತಿಹಾಸ, ಭಾಗ 4

ಮಧ್ಯಾಹ್ನ ಊಟ ಆದಮೇಲಿನ ಮೊದಲ ಪೀರಿಯಡ್. ರೂಮಿನ ತುಂಬ ಜನ, ಕಿಟಕಿ ಮುಚ್ಚಿದೆ, ಕಣ್ಣು ಎಳೀತಾ ಇದೆ. ಬೈಸಿಕೊಳ್ಳೋದು ನೀವು. ಆದರೆ ತಪ್ಪಿನಲ್ಲಿ ಊಟಕ್ಕೂ ಗಾಳಿಗೂ ಸ್ವಲ್ಪ ಪಾಲಿದೆ!

ಗಾಳಿಯ ಪಾಲನ್ನು ಅಳೆದು ಹೇಳಿದವರು ಜರ್ಮನಿಯ ಮ್ಯೂನಿಕ್‌ನ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್. ವರ್ಷ 1858. ನಾವು ಉಸಿರು ಬಿಟ್ಟಾಗ ಹೊರಬರೋ ಕಾರ್ಬನ್ ಡೈಆಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಸೇರ್ತಾ ಹೋಗುತ್ತೆ. ಅಷ್ಟು ಪ್ರಮಾಣದಲ್ಲಿ ಅದು ವಿಷವೇನಲ್ಲ. ಆದರೆ ಎಲ್ಲರೂ ಬಿಟ್ಟ ಉಸಿರು ಎಷ್ಟು ಅಲ್ಲೇ ನಿಂತಿದೆ ಅನ್ನೋದಕ್ಕೆ ಅದು ಗುರುತು. 10,000 ಭಾಗ ಗಾಳಿಯಲ್ಲಿ ಅದು 10 ಭಾಗ ದಾಟಬಾರದು ಎಂದರು ಅವರು. ಇವತ್ತಿಗೂ ಎಷ್ಟೋ ಕಡೆ ಇದೇ ಲೆಕ್ಕ ನಡೆಯುತ್ತೆ.

ತಮಾಷೆ ನೋಡಿ: ರೋಗಾಣುವೊಂದರಿಂದಲೇ ಕಾಲರಾ ಬರಲ್ಲ ಅಂತ ತೋರಿಸೋಕೆ 1892ರಲ್ಲಿ ಕಾಲರಾ ರೋಗಾಣು ಕುಡಿದವರೂ ಇವರೇ. ಬದುಕಿ ಉಳಿದರು. ಕಾಲರಾ ವಿಷಯದಲ್ಲಿ ಸೋತರು, ಗಾಳಿಯ ವಿಷಯದಲ್ಲಿ ಗೆದ್ದರು.

ಆ ಕಾಲದ ದೊಡ್ಡ ಭಯ ಕ್ಷಯ, ಅಂದರೆ ಟಿಬಿ. ರಾಬರ್ಟ್ ಕಾಖ್ 1882ರಲ್ಲಿ ಅದರ ರೋಗಾಣುವನ್ನು ಗುರುತಿಸಿದರೂ, ಸ್ಟ್ರೆಪ್ಟೊಮೈಸಿನ್ ಔಷಧ ಸಿಕ್ಕಿದ್ದು 1943ರಲ್ಲಿ. ನಡುವಿನ 61 ವರ್ಷ ಡಾಕ್ಟರ್‌ಗಳ ಕೈಯಲ್ಲಿ ಇದ್ದದ್ದು ಮುಖ್ಯವಾಗಿ ಮೂರೇ: ಒಳ್ಳೆ ಊಟ, ವಿಶ್ರಾಂತಿ, ಶುದ್ಧ ಗಾಳಿ.

ಹಾಗಾಗಿ 1904ರಲ್ಲಿ ಬರ್ಲಿನ್ ಪಕ್ಕದ ಷಾರ್ಲೊಟನ್‌ಬರ್ಗ್‌ನಲ್ಲಿ, ನಿಶ್ಶಕ್ತ ಮಕ್ಕಳಿಗಾಗಿ ಕಾಡಿನೊಳಗೇ ಒಂದು ಶಾಲೆ ಶುರುವಾಯಿತು. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನ ಇಬ್ಬರು ವೈದ್ಯೆಯರು, ಎಲೆನ್ ಸ್ಟೋನ್ ಮತ್ತು ಮೇರಿ ಪ್ಯಾಕರ್ಡ್, ಖಾಲಿ ಬಿದ್ದಿದ್ದ ಶಾಲಾ ಕಟ್ಟಡದಲ್ಲಿ ಇಂಥದ್ದೇ ತರಗತಿ ನಡೆಸಿದರು. ಕಿಟಕಿಗಳು ಸದಾ ತೆರೆದೇ. ತಿಂಗಳು ಯಾವುದು ಗೊತ್ತಾ? ಕೊರೆಯೋ ಜನವರಿ! ಮಕ್ಕಳು ದಪ್ಪ ಚೀಲದೊಳಗೆ ಕಾಲು ತೂರಿಸಿ, ಪಾದದ ಹತ್ತಿರ ಕಾಯಿಸಿದ ಬಳಪದ ಕಲ್ಲು ಇಟ್ಟುಕೊಂಡು ಪಾಠ ಕೇಳಿದರು.

ಇಂಥ ಶಾಲೆಗಳಲ್ಲಿ ಮಕ್ಕಳು ಚೇತರಿಸಿಕೊಂಡರೆ ಅದು ಬರೀ ಗಾಳಿಯಿಂದ ಅನ್ನೋ ಹಾಗಿಲ್ಲ. ಊಟ, ವಿಶ್ರಾಂತಿ ಎರಡೂ ಜೊತೆಗಿದ್ದವು. ಆದರೆ ಒಂದು ಪ್ರಶ್ನೆ ಎದ್ದಿತು: ಒಳ್ಳೆ ಗಾಳಿ ಸಿಗೋಕೆ ಮಗು ಮೊದಲು ಕಾಯಿಲೆ ಬೀಳಲೇಬೇಕಾ? ಬೇಡ ಅನ್ನೋ ಉತ್ತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಅಲ್ಲಿ ವಾಸ್ತುಶಿಲ್ಪಿ ಯಾನ್ ಡೌಕರ್ ಆರೋಗ್ಯವಂತ ಮಕ್ಕಳಿಗೂ ಅಂಥದ್ದೇ ಶಾಲೆ ಕಟ್ಟಿದರು. 1930ರಲ್ಲಿ ಮುಗಿದ ಆ ಕಟ್ಟಡದಲ್ಲಿ ಗೋಡೆಗಿಂತ ಗಾಜಿನ ಕಿಟಕಿಯೇ ಜಾಸ್ತಿ.

ಆಮೇಲೆ ಔಷಧ ಬಂತು, ಕಿಟಕಿಯ ನೆನಪು ಹೋಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಚಳಿ ದೇಶಗಳಲ್ಲಿ ಇಂಧನ ಉಳಿಸೋಕೆ ಕಟ್ಟಡಗಳ ಸಂದುಗಳನ್ನೂ ಮುಚ್ಚಿದರು. ಮತ್ತೆ ನೆನಪಿಸಿದ್ದು ಕೋವಿಡ್. 2020ರ ಚಳಿಗಾಲದಲ್ಲಿ ಜರ್ಮನಿಯ ಶಾಲೆಗಳಿಗೆ ಬಂದ ಸಲಹೆ: ಪ್ರತಿ 20 ನಿಮಿಷಕ್ಕೊಮ್ಮೆ ಕಿಟಕಿ ಪೂರ್ತಿ ತೆರೆಯಿರಿ. ಪೆಟ್ಟೆನ್‌ಕೋಫರ್ ಊರಿಗೇ ಪಾಠ ವಾಪಸ್ ಬಂತು.

ಈಗ ನಿಮ್ಮ ಕ್ಲಾಸಿನ ಗೋಡೆ ಮೇಲೆ ನೋಡಿ. ಸೂರಿನ ಹತ್ತಿರ ವೆಂಟಿಲೇಟರ್ ಇದೆಯಾ? ಬಿಸಿಗಾಳಿ ಮೇಲೇರಿ ಹೊರಗೆ ಹೋಗಲಿ ಅಂತಲೇ ಅದನ್ನ ಇಟ್ಟಿರೋದು. ಎದುರುಬದುರು ಕಿಟಕಿ ಇದ್ದರೆ ಎರಡೂ ಕಡೆ ತೆಗೀರಿ, ಒಂದೇ ಕಡೆ ತೆಗೆದರೆ ಗಾಳಿ ಅಷ್ಟಾಗಿ ಆಡಲ್ಲ. ಫ್ಯಾನ್ ಇದ್ದರೆ ಸಾಕು ಅನ್ಕೋಬೇಡಿ, ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತೆ.

ನಿಮ್ಮ ಕ್ಲಾಸಲ್ಲಿ ಎಷ್ಟು ಕಿಟಕಿ, ಅದರಲ್ಲಿ ತೆಗೆಯೋಕೆ ಬರೋದು ಎಷ್ಟು? ಎಣಿಸಿ, ಕಾಮೆಂಟಲ್ಲಿ ಹಾಕಿ. 🪟

#ಕ್ಲಾಸ್‌ರೂಮ್‌ಇತಿಹಾಸ #ಕನ್ನಡದಲ್ಲಿಇತಿಹಾಸ