ಆಯಿ ಮತ್ತು ಊರಿನ ಮೊದಲ ಟಿ.ವಿ.

ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳು ಬೆಂಗಳೂರಿಗಿಂತ ಮೊದಲೇ ಟಿ.ವಿ. ಕಂಡಿದ್ದವು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಆದರೆ ಅದು ನಿಜ. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ಆರಂಭವಾಯಿತು. ಅಮೆರಿಕ ಒಂದು ವರ್ಷದ ಮಟ್ಟಿಗೆ ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ ಆ ಅದೃಷ್ಟ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ.

ಆಗ ನನಗೆ ಏಳು ವರ್ಷ. ಸೋದರಮಾವನ ಊರಲ್ಲಿ ಓದುತ್ತಿದ್ದೆ. ಶಾಲೆಯ ಬಳಿ ತಂತಿ ಜಾಲರಿಯ ದೊಡ್ಡ ಛತ್ರಿ ನಿಲ್ಲಿಸಿದ್ದರು. ಮೊಣಕಾಲು ನೋವಿನ ನಮ್ಮ ಆಯಿ ಅಲ್ಲಿಗೆ ಬರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ, "ಪೋರಿ, ಇವತ್ತ ಡಬ್ಬ್ಯಾಗ ಏನ್ ಬಂದಿತ್ತು?" ಎಂದು ಕೇಳುತ್ತಿದ್ದಳು. ಒಂದು ದಿನ ನಾನು "ಈರುಳ್ಳಿ" ಅಂದೆ. "ಅದ್ಯಾವ ಬೆಳಿನೇ?" ಅಂದಳು. ಉಳ್ಳಾಗಡ್ಡಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಎರಡೂ ಮಾತು ನನ್ನವಾದವು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಅದನ್ನು ಅಧ್ಯಯನ ಮಾಡಿದವರಿಗೆ ಮಕ್ಕಳ ಅಂಕಗಳಲ್ಲಿ ಹೆಚ್ಚಳ ಕಾಣಲಿಲ್ಲ. ಭಾಷೆಯಲ್ಲಿ, ತಿಳಿಯುವ ಆಸೆಯಲ್ಲಿ ಮಾತ್ರ ಮುನ್ನಡೆ ಕಂಡಿತು. ಅದನ್ನು ಓದಿದಾಗ ನನಗೆ ಆಯಿಯೇ ನೆನಪಾದಳು.

ಆದರೂ ನೌಕರಿಯ ಮೊದಲ ವರ್ಷಗಳಲ್ಲಿ ನಾನೇ ಅದನ್ನು ಮರೆತಿದ್ದೆ. ಜೇವರ್ಗಿ ತಾಲೂಕಿನ ಶಾಲೆಯಲ್ಲಿ ಟಿ.ವಿ. ಹಚ್ಚಿ, ಮಕ್ಕಳು ಸುಮ್ಮನೆ ಕೂತರೆಂದು ನೋಟ್‌ಬುಕ್ ತಿದ್ದುತ್ತಿದ್ದೆ. ಒಮ್ಮೆ, "ಏನು ನೋಡಿದಿರಿ?" ಎಂದು ಕೇಳಿದರೆ ಒಬ್ಬರಿಂದಲೂ ಉತ್ತರವಿಲ್ಲ. ನಾಚಿಕೆಯಾಯಿತು. ಅವರ ಮೌನವನ್ನೇ ಕಲಿಕೆ ಎಂದುಕೊಂಡಿದ್ದೆನಲ್ಲ!

ಮುಂದೆ ಅಫಜಲಪುರ, ಆಳಂದ ಕಡೆ ವರ್ಗವಾದಾಗ ಆಯಿಯ ಪದ್ಧತಿಯನ್ನೇ ಹಿಡಿದೆ. ನೋಡುವುದು ಸ್ವಲ್ಪ ಹೊತ್ತು. ಅನಂತರ ಪ್ರತಿ ಮಗುವೂ ಮನೆಮಾತಿನಲ್ಲಿ ಹೇಳಬೇಕು, ಆಮೇಲೆ ಎರಡು ಸಾಲು ಬರೆಯಬೇಕು. ಮರಾಠಿ ಮನೆಯ ಹುಡುಗಿ "ಕಾಂದಾ" ಅಂದಳು. ಉಳಿದವರು ನಕ್ಕರು. ನಾನು ನಗಲಿಲ್ಲ; ಕಪ್ಪುಹಲಗೆಯ ಮೇಲೆ ಕಾಂದಾ, ಉಳ್ಳಾಗಡ್ಡಿ, ಈರುಳ್ಳಿ ಮೂರನ್ನೂ ಬರೆದೆ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಆ ಹುಡುಗಿ ಎದ್ದು ಬಂದು ಮೂರನ್ನೂ ಗಟ್ಟಿಯಾಗಿ ಓದಿದಳು.

ತಾಯಂದಿರೇ, ಮಕ್ಕಳನ್ನು ಟಿ.ವಿ. ಮುಂದೆ ಕೂಡಿಸಿ ಅಡುಗೆಗೆ ಹೋಗುವುದು ನಮಗೆಲ್ಲ ಅನಿವಾರ್ಯವೇ. ಆದರೆ ಊಟಕ್ಕೆ ಬಡಿಸುವಾಗ ಅದರಲ್ಲಿ ಏನು ಬಂತೆಂದು ಕೇಳಿರಿ. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಕೇಳಲು ಮಾತ್ರ ಚೆನ್ನಾಗಿ ಬರುತ್ತಿತ್ತು.