ಜಲಾನಯನ ಒಡಂಬಡಿಕೆಗಳು: ತಿಪಟೂರು ಸೀಮೆ

ಮಳೆನೀರು ಇಂಗಿಸುವ ಕೆಲಸವನ್ನು ಸರ್ಕಾರ ಕರಾರಿನ ಮೇಲೆ ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸುವ ಪದ್ಧತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ವಿಶೇಷ ಮಹತ್ವವಿದೆ. ಇಲ್ಲಿ ಅಂತರ್ಜಲ ಕುಸಿದರೆ ತೆಂಗಿನ ತೋಟವೇ ಒಣಗುತ್ತದೆ.

ಮಣಿಭಾಯಿ ದೇಸಾಯಿ 1967ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆ ಕರ್ನಾಟಕದ ಕೆಲಸಕ್ಕೆ ತಿಪಟೂರನ್ನೇ ನೆಲೆ ಮಾಡಿಕೊಂಡಿತು. ದನಗಳ ತಳಿ ಸುಧಾರಣೆಯ ಜೊತೆಗೆ ಕೃಷಿ ಹೊಂಡ, ಬದು, ತೋಟಗಾರಿಕೆಗೂ ಅದು ಕೈಹಾಕಿತು. ಲಕ್ಕಿಹಳ್ಳಿಯಲ್ಲಿ ತರಬೇತಿ ಕೇಂದ್ರ ನಡೆಸಿತು.

ಹನುಮಂತರಾವ್ ಸಮಿತಿಯ ವರದಿ ಆಧರಿಸಿದ ಕೇಂದ್ರದ 1994ರ ಮಾರ್ಗಸೂಚಿ, ಇಲಾಖೆಗಳಂತೆ ಸ್ವಯಂಸೇವಾ ಸಂಸ್ಥೆಗಳೂ ಅನುಷ್ಠಾನದ ಹೊಣೆ ಹೊರಬಹುದೆಂದಿತು. ಸುಮಾರು 500 ಹೆಕ್ಟೇರ್‌ನ ಜಲಾನಯನಕ್ಕೆ 4 ವರ್ಷದ ಅವಧಿ. ಹಣದಲ್ಲಿ ಶೇ 80 ಕಾಮಗಾರಿಗೆ, ಶೇ 10 ಆಡಳಿತಕ್ಕೆ, ಶೇ 5 ತರಬೇತಿಗೆ. ಜನರನ್ನು ಸಂಘಟಿಸಲು ಉಳಿದದ್ದು ಶೇ 5. ಯಾರ ಹೊಲದಲ್ಲಿ ಬದು, ಯಾರ ಹೊಲಕ್ಕೆ ನೀರು ಎಂಬ ತಕರಾರುಗಳನ್ನು ಊರವರನ್ನು ಕೂಡಿಸಿ ಬಗೆಹರಿಸುವುದೇ ಇಲ್ಲಿ ಕಷ್ಟದ ಕೆಲಸ. ಅದಕ್ಕೆ ಇಷ್ಟು ಕಡಿಮೆ ಪಾಲು ಇಟ್ಟದ್ದು ಆ ಮಾರ್ಗಸೂಚಿಯ ದೊಡ್ಡ ಕೊರತೆ.

ರಾಜ್ಯದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ (1999) ಟೆಂಡರನ್ನು ನಿಯಮವಾಗಿಸಿತು. ಅದರ 4(ಜಿ) ಪ್ರಕರಣದಡಿ ಸರ್ಕಾರ ವಿನಾಯಿತಿ ಕೊಡಬಹುದು. ಸಿಮೆಂಟು ಕೊಳ್ಳಲು ಟೆಂಡರ್ ಸರಿಯೇ. ಆದರೆ ಹಳ್ಳಿಯ ವಿಶ್ವಾಸ ಗಳಿಸಿದ ಸಂಸ್ಥೆಯನ್ನು ಕಡಿಮೆ ದರ ನೋಡಿ ಆರಿಸಲಾಗದು.

ವಿಶ್ವಬ್ಯಾಂಕ್ ನೆರವಿನ ‘ಸುಜಲ’ ಯೋಜನೆ (2001–2009) ತುಮಕೂರು, ಕೋಲಾರ, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಹೊಣೆಗಳನ್ನು ಸ್ಪಷ್ಟವಾಗಿ ಹಂಚಿತು. ಮುಂದಾಳತ್ವ ಜಲಾನಯನ ಅಭಿವೃದ್ಧಿ ಇಲಾಖೆಯದು, ಜನರ ಸಂಘಟನೆ ಸ್ವಯಂಸೇವಾ ಸಂಸ್ಥೆಗಳದು. ಮೇಲ್ವಿಚಾರಣೆ ಮತ್ತು ಮೌಲ್ಯಮಾಪನವನ್ನು ಇಬ್ಬರಿಗೂ ಸೇರದ, ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್‌ಗೆ ವಹಿಸಲಾಯಿತು. ಕೆಲಸ ಮಾಡಿದವರೇ ಅದಕ್ಕೆ ಅಂಕ ಕೊಟ್ಟುಕೊಳ್ಳುವ ಪರಿಪಾಠ ಇದರಿಂದ ತಪ್ಪಿತು. ಮುಂದಿನ ಕರಾರುಗಳಿಗೆ ಇದು ಒಳ್ಳೆಯ ಮಾದರಿ.

ಅವಧಿಯ ತೊಡಕು ಮಾತ್ರ ಉಳಿದೇ ಇದೆ. ತಿಪಟೂರು ಎತ್ತರದ ತಳಿಯ ತೆಂಗು ಫಸಲಿಗೆ ಬರಲು 6–7 ವರ್ಷ ಬೇಕು. ಕರಾರಿನ ಮೊದಲ ವರ್ಷವೇ ಸಸಿ ನೆಟ್ಟರೂ ಅದು ಕಾಯಿ ಬಿಡುವ ಹೊತ್ತಿಗೆ 4 ವರ್ಷದ ಯೋಜನೆಯ ಸಿಬ್ಬಂದಿ ಊರು ಬಿಟ್ಟಿರುತ್ತಾರೆ. ಹೊಂಡದ ಹೂಳು ತೆಗೆಸುವ ಹೊಣೆ ಯಾರದೆಂಬ ಪ್ರಶ್ನೆ ಏಳುವುದು ಆಗಲೇ. 2008ರ ಸಾಮಾನ್ಯ ಮಾರ್ಗಸೂಚಿ ಅವಧಿಯನ್ನು 4ರಿಂದ 7 ವರ್ಷಕ್ಕೆ ಹಿಗ್ಗಿಸಿ, ಕೊನೆಯಲ್ಲಿ ಬಲವರ್ಧನೆಯ ಹಂತವೊಂದನ್ನು ಸೇರಿಸಿತು. 2021ರ ಮಾರ್ಗಸೂಚಿ ಬಯಲುಸೀಮೆಯ ವೆಚ್ಚದ ಮಿತಿಯನ್ನು ಹೆಕ್ಟೇರಿಗೆ 12,000 ರೂಪಾಯಿಯಿಂದ 22,000 ರೂಪಾಯಿಗೆ ಏರಿಸಿತಾದರೂ ಅವಧಿಯನ್ನು ಮತ್ತೆ 3ರಿಂದ 5 ವರ್ಷಕ್ಕೆ ಇಳಿಸಿತು.