ಗಂಡುಮಗುವಿಗೆ ಸ್ಲಾವ್ ಹೆಸರು: ಅರ್ಥವರಿತ ಆಯ್ಕೆ

ರಷ್ಯಾ, ಪೋಲೆಂಡ್, ಸರ್ಬಿಯಾ ಮೊದಲಾದ ಸ್ಲಾವ್ ನಾಡುಗಳಲ್ಲಿ ಬಳಕೆಯಲ್ಲಿರುವ ಹೆಸರುಗಳೆಲ್ಲ ಸ್ಲಾವ್ ಮೂಲದವಲ್ಲ. ಇವಾನ್, ಮಿಖಾಯಿಲ್ ಇವು ಕ್ರೈಸ್ತ ಧರ್ಮದೊಡನೆ ಬಂದ ಹೀಬ್ರೂ ಮೂಲದ ಹೆಸರುಗಳು. ಇಗೊರ್, ಒಲೆಗ್ ಸ್ಕ್ಯಾಂಡಿನೇವಿಯಾದವು.

ಅಚ್ಚ ಸ್ಲಾವ್ ಹೆಸರುಗಳಲ್ಲಿ ಹಲವು ಎರಡು ಪದಗಳ ಸಮಾಸಗಳು. ‘ಮಿರ್’ ಎಂದರೆ ಶಾಂತಿ, ‘ಸ್ಲಾವ’ ಎಂದರೆ ಕೀರ್ತಿ. ಎರಡೂ ಕೂಡಿದರೆ ಮಿರೊಸ್ಲಾವ್. ಈ ‘ಸ್ಲಾವ’ ಸಂಸ್ಕೃತದ ‘ಶ್ರವಸ್’ ಶಬ್ದದ ಜ್ಞಾತಿಪದ. ಬೊಗ್ದಾನ್ ಎಂದರೆ ದೇವರು ಕೊಟ್ಟವನು, ನಮ್ಮ ದೇವದತ್ತ.

ಕೆಲವು ಹೆಸರುಗಳು ರಕ್ಷೆಗಾಗಿ ಇಟ್ಟವು. ಸರ್ಬಿಯನ್ ಭಾಷಾ ಸುಧಾರಕ ವುಕ್ ಕರಾಜಿಚ್ (1787–1864) ಜನಿಸುವ ಮುನ್ನ ಆ ಮನೆಯ ಮಕ್ಕಳು ಉಳಿದಿರಲಿಲ್ಲ. ಮಾಟಗಾತಿಯರು ಹತ್ತಿರ ಸುಳಿಯದಿರಲೆಂದು ತೋಳ ಎಂಬರ್ಥದ ‘ವುಕ್’ ಹೆಸರನ್ನಿಟ್ಟರು. ಕನ್ನಡನಾಡಿನಲ್ಲಿ ಮಕ್ಕಳು ಬದುಕದ ಮನೆಯವರು ಕೂಸಿಗೆ ತಿಪ್ಪ ಎಂದು ಹೆಸರಿಟ್ಟುದೂ ಇಂಥದೇ ಅಂಜಿಕೆಯಿಂದ.

ರಷ್ಯಾದಲ್ಲಿ ತಂದೆಯ ಹೆಸರು ಮಕ್ಕಳ ಹೆಸರಿನ ಅಂಗವಾಗುತ್ತದೆ: ವ್ಲಾದಿಮಿರನ ಮಗ ವ್ಲಾದಿಮಿರೊವಿಚ್, ಮಗಳು ವ್ಲಾದಿಮಿರೊವ್ನ. ಅಂಕಿ, ಬೈಗುಳಗಳುಳ್ಳ ಹೆಸರುಗಳನ್ನು ಅಲ್ಲಿನ ಕಾನೂನು 2017ರಲ್ಲಿ ನಿಷೇಧಿಸಿತು. ತೊಟ್ಟಿಲಲ್ಲಿ ಇಟ್ಟ ಹೆಸರು ಮೊಮ್ಮಕ್ಕಳವರೆಗೂ ಸಾಗುವುದರಿಂದ, ಅರ್ಥವನ್ನು ತಿಳಿದು, ಪಿತೃನಾಮವಾಗಿಯೂ ಉಚ್ಚರಿಸಿ ನೋಡಿ ಆರಿಸುವುದು ಲೇಸು.